ಐದು ಗೆರೆ ಇರುವಾಗ ಆರನೆಯದೇಕೆ? ವೆನಿಸ್ಸಿನ ಮುದ್ರಕರಿಗೆ ಒಂದು ಬಹಿರಂಗ ಪತ್ರ

ವೆನಿಸ್ ಪಟ್ಟಣದ ಮುದ್ರಕರೂ ಪ್ರಕಾಶಕರೂ ಆದ ಶ್ರೀಮಾನ್ ಒತ್ತಾವಿಯಾನೊ ಪೆಟ್ರೂಚ್ಚಿಯವರಿಗೆ,

ಉಭಯಕುಶಲೋಪರಿ. ತಾವು 1539ರಲ್ಲೇ ಕಾಲವಾದಿರೆಂಬುದು ನನಗೆ ಗೊತ್ತಿದೆ. ಆದರೆ ಈ ದೂರನ್ನು ಎಲ್ಲಿಗೆ ಒಯ್ದರೂ ಅದು ಸುತ್ತಿ ಸುತ್ತಿ ತಮ್ಮ ಮುದ್ರಣಾಲಯದ ಬಾಗಿಲಿಗೇ ಬಂದು ನಿಲ್ಲುತ್ತದೆ. ಆದ್ದರಿಂದ ನೇರವಾಗಿ ತಮಗೇ ಬರೆಯುತ್ತಿದ್ದೇನೆ. ಅನ್ಯಥಾ ಭಾವಿಸಬಾರದು.

ನಾನು ಬೆಂಗಳೂರಿನಲ್ಲಿ ಗಿಟಾರ್ ನುಡಿಸುವವನು. ನಾಲ್ಕು ಕಾರ್ಡ್ ಕಲಿತು ಸಿನಿಮಾ ಹಾಡಿಗೆ ತಾಳ ಹಾಕುವವರ ಪೈಕಿ ಅಲ್ಲ. ಪುಟ್ಟ ಮಣೆಯ ಮೇಲೆ ಎಡಗಾಲಿಟ್ಟು, ಎದುರಿಗೆ ಸ್ಟ್ಯಾಂಡ್ ನಿಲ್ಲಿಸಿ, ಸ್ಟಾಫ್ ನೊಟೇಶನ್ ಓದಿಕೊಂಡು ನುಡಿಸುವವನು. ಐದು ಗೆರೆ, ನಡುವೆ ನಾಲ್ಕು ಸಂದು, ಎಡತುದಿಯಲ್ಲಿ ಸುರುಳಿ ಸುತ್ತಿದ ಟ್ರೆಬಲ್ ಕ್ಲೆಫ್. ಇಷ್ಟನ್ನು ಕಲಿಯಲು ನಾನು ಪಟ್ಟ ಪಾಡು ನನಗೆ ಗೊತ್ತು, ನನ್ನ ಮೇಷ್ಟ್ರಿಗೆ ಇನ್ನೂ ಚೆನ್ನಾಗಿ ಗೊತ್ತು. ಇಷ್ಟು ಬೆವರು ಸುರಿಸಿ ಗಳಿಸಿದ ವಿದ್ಯೆಯನ್ನು ಸತ್ತವರೂ ಸೇರಿದಂತೆ ಎಲ್ಲರೂ ಗೌರವಿಸಬೇಕೆಂದು ಬಯಸುವುದು ಅತಿಯಾಸೆಯೇನೂ ಅಲ್ಲ.

ಗ್ರೇಡ್ ಪರೀಕ್ಷೆಯ ಪುಸ್ತಕಗಳಲ್ಲಿ ಹದಿನಾರನೆಯ ಶತಮಾನದ ಲ್ಯೂಟ್ ಎಂಬ ತಂತಿವಾದ್ಯದ ಸಂಗೀತ ಅರ್ಧ ಪುಟ, ಒಂದು ಪುಟದ ಲೆಕ್ಕದಲ್ಲಿ ಬರುತ್ತದೆ. ಒಂದು ಪವಾನ ಕುಣಿತ, ಒಂದು ಗಲ್ಯಾರ್ಡ್ ಕುಣಿತ, ಇಂಗ್ಲಿಷ್ ಲ್ಯೂಟಿಗ ಜಾನ್ ಡೌಲಂಡನದೊಂದು ಚಿಕ್ಕ ತುಣುಕು. ರುಚಿ ಹತ್ತಿತು. ಈ ತುಣುಕುಗಳ ಹಿಂದೆ ಒಂದು ಸಮುದ್ರವೇ ಇರಬೇಕು, ಹೋಗಿ ಮುಳುಗೋಣ ಎಂದು ಹೊರಟೆ. ಸಮುದ್ರವೇನೋ ಇತ್ತು. ಆದರೆ ಅದರ ತುಂಬ ಅಂಕಿಗಳೇ ತೇಲುತ್ತಿದ್ದವು. ಆರು ಗೆರೆ, ಗೆರೆಗಳ ಮೇಲೆ 0, 2, 3, 5. ಒಂದು ಸ್ವರದ ತಲೆಯಿಲ್ಲ, ಒಂದು ಕ್ಲೆಫ್ ಇಲ್ಲ. ಟ್ಯಾಬ್ಲೇಚರ್ ಅಂತೆ!

ಈಗ ತಮ್ಮ ವಿಚಾರಕ್ಕೆ ಬರುತ್ತೇನೆ. 1498ರ ಮೇ ತಿಂಗಳಲ್ಲಿ ತಾವು ವೆನಿಸ್ ಸರ್ಕಾರದಿಂದ ಇಪ್ಪತ್ತು ವರ್ಷದ ಏಕಸ್ವಾಮ್ಯದ ಸನ್ನದು ಪಡೆದಿರಿ. ಹಾಡುವವರ ಸಂಗೀತವನ್ನು ಅಚ್ಚು ಹಾಕುವ ಹಕ್ಕು ಅದರಲ್ಲಿತ್ತು; ಆರ್ಗನ್ ಮತ್ತು ಲ್ಯೂಟಿನ ಟ್ಯಾಬ್ಲೇಚರ್ ಅಚ್ಚು ಹಾಕುವ ಹಕ್ಕೂ ಇತ್ತು. 1501ರಲ್ಲಿ ತಮ್ಮ 'ಓದೆಕಾತೋನ್' ಹೊರಬಂತು. ಹೆಸರಿಗೆ ನೂರು ಹಾಡು, ಒಳಗಿದ್ದದ್ದು ತೊಂಬತ್ತಾರು. ನಾಲ್ಕು ಹಾಡಿನ ಲೆಕ್ಕ ಕೇಳುವ ಉದ್ದೇಶ ಈ ಪತ್ರಕ್ಕಿಲ್ಲ. ಬಿಡಿ ಅಚ್ಚುಮೊಳೆ ಜೋಡಿಸಿ ಹಲವು ದನಿಗಳ ಸಂಗೀತವನ್ನು ಮುದ್ರಿಸಿದ ಮೊದಲ ಪುಸ್ತಕ ಅದು. ಒಂದೇ ಹಾಳೆಯನ್ನು ಮತ್ತೆ ಮತ್ತೆ ಯಂತ್ರಕ್ಕೆ ಕೊಟ್ಟು, ಒಮ್ಮೆ ಗೆರೆ, ಇನ್ನೊಮ್ಮೆ ಸ್ವರ ಎಂದು ಒತ್ತಿಸಿದಿರಿ. ಆದರೂ ಸ್ವರ ಗೆರೆಯಿಂದ ಕೂದಲೆಳೆಯಷ್ಟೂ ಜಾರಲಿಲ್ಲ. ಇವತ್ತಿಗೂ ನೋಡಿದವರು ಬೆರಗಾಗುತ್ತಾರೆ. ಅಂದರೆ ಐದು ಗೆರೆಯೂ, ಅದರ ಮೇಲೆ ಕೂರಿಸುವ ಮೊಳೆಯೂ, ಕೂರಿಸಬಲ್ಲ ಕೈಯೂ ತಮ್ಮ ಹತ್ತಿರ ಸಿದ್ಧವಿದ್ದವು.

ಹೀಗಿದ್ದೂ 1507ರಲ್ಲಿ ಫ್ರಾನ್ಚೆಸ್ಕೊ ಸ್ಪಿನಾಚಿನೊ ಎಂಬ ಲ್ಯೂಟ್ ವಾದಕರ ಎರಡು ಪುಸ್ತಕಗಳನ್ನು ಅಚ್ಚಿಗೆ ತೆಗೆದುಕೊಂಡಾಗ ತಾವು ಮಾಡಿದ್ದೇನು? ಐದಕ್ಕೆ ಇನ್ನೊಂದು ಗೆರೆ ಸೇರಿಸಿ ಅಂಕಿ ತುಂಬಿಸಿದಿರಿ. ಅದೂ ತಲೆಕೆಳಗಾಗಿ! ಎಲ್ಲಕ್ಕಿಂತ ಮೇಲಿನ ಗೆರೆ ಎಲ್ಲಕ್ಕಿಂತ ತಗ್ಗಿನ ದನಿಯ ತಂತಿಗೆ. ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡಾಗ ಬಾಸ್ ತಂತಿಯೇ ಮೇಲಿರುತ್ತದೆ, ಕಣ್ಣಿಗೆ ಕಂಡಂತೆ ಕಾಗದದಲ್ಲಿಟ್ಟೆವು ಎಂದು ತಾವು ಹೇಳಬಹುದು. ಬೆರಳು ಯಾವ ಮೆಟ್ಟಿಲಲ್ಲಿ, ಅಂದರೆ ಫ್ರೆಟ್ಟಿನಲ್ಲಿ, ಇದೆಯೋ ಅದೇ ಅಂಕಿ. ಸ್ವರದ ಹೆಸರು ಹೇಳದೆ ಮನೆ ನಂಬರು ಮಾತ್ರ ಕೊಟ್ಟು ಕಳಿಸಿದ ಹಾಗೆ. ಬಾಗಿಲು ತಟ್ಟಿದರೆ ಸರಿಯಾದ ಮನುಷ್ಯನೇ ಎದುರಿಗೆ ಬರುತ್ತಾನೆ ಎನ್ನುವುದೇನೋ ನಿಜ. ಆದರೆ ಹೆಸರು ಗೊತ್ತಿಲ್ಲದವರ ಮನೆಗೆ ಹೋಗುವುದು ನನ್ನಂಥ ಮರ್ಯಾದಸ್ಥರಿಗೆ ಮುಜುಗರದ ವಿಷಯ.

ಈ ಗಾಯದ ಮೇಲೆ ಉಪ್ಪು ಸವರಿದಂತೆ, ಪುಸ್ತಕದ ಆರಂಭದಲ್ಲೇ ತಾವೊಂದು ನಿಯಮಾವಳಿ ಹಾಕಿದ್ದೀರಿ. ಹಾಡಲು ಬಾರದವರಿಗೆ, ಅಂದರೆ ಹಾಡುಗಾರರ ಐದು ಗೆರೆ ಓದಲು ಬಾರದವರಿಗೆ, ಈ ಅಂಕಿಗಳನ್ನು ಓದುವ ಬಗೆ ಎಂದು. ಯಾವ ಗೆರೆ ಯಾವ ತಂತಿ, ಸೊನ್ನೆ ಎಂದರೆ ಬೆರಳಿಡದೆ ಮೀಟುವುದು, ಅಂಕಿಯ ಕೆಳಗೆ ಚುಕ್ಕೆ ಇದ್ದರೆ ಬೆರಳು ಮೇಲ್ಮುಖವಾಗಿ ಮೀಟಬೇಕು, ಎಲ್ಲವೂ ಅಚ್ಚುಕಟ್ಟು. ಆಗಿನ ಕಾಲಕ್ಕೆ ಸ್ಟಾಫ್ ಓದಬಲ್ಲವನು ಪಂಡಿತ, ಟ್ಯಾಬ್ಲೇಚರ್ ಪಾಮರರ ಅನುಕೂಲಕ್ಕೆ. ಈಗ ನೋಡಿ, ಪಂಡಿತರ ಗೆರೆ ಕಲಿತ ನಾನು ಪಾಮರರ ಪುಸ್ತಕದ ಮುಂದೆ ಬಾಯಿ ಬಿಟ್ಟುಕೊಂಡು ಕೂತಿದ್ದೇನೆ. ಐದು ಗೆರೆ ಮಾತ್ರ ಓದಬಲ್ಲವರಿಗೂ ಒಂದು ನಿಯಮಾವಳಿ ಹಾಕಬಹುದಿತ್ತಲ್ಲ? ದೂರದೃಷ್ಟಿ ಬೇಡವೆ?

1509ರ ತಮ್ಮ ಕೆಲಸವಂತೂ ಕ್ಷಮಿಸಲಾರದ್ದು. ಫ್ರಾನ್ಚಿಸ್ಕುಸ್ ಬೊಸ್ಸಿನೆನ್ಸಿಸ್ ಎಂಬವರು ಹೊಂದಿಸಿದ ಹಾಡುಗಳಲ್ಲಿ ಮೇಲ್‌ದನಿಯನ್ನು ಹಾಡುವವರಿಗಾಗಿ ಐದು ಗೆರೆಯಲ್ಲಿ ಅಚ್ಚು ಹಾಕಿ, ಅದರ ಕೆಳಗೇ ತೆನರ್ ಮತ್ತು ಬಾಸ್ ದನಿಗಳನ್ನು ಲ್ಯೂಟಿಗಾಗಿ ಆರು ಗೆರೆಯಲ್ಲಿ ಹಾಕಿದಿರಿ. ಒಂದೇ ಪುಟದಲ್ಲಿ! ಒಂದೇ ಪಂಕ್ತಿಯಲ್ಲಿ ಎರಡು ಬಗೆಯ ಎಲೆ ಹಾಕಿದವರಿಗೆ ಗೊತ್ತಿಲ್ಲದೆ ಆಯಿತು ಎನ್ನುವ ನೆಪ ಸಿಗುವುದಿಲ್ಲ.

ಈ ಟ್ಯಾಬ್ಲೇಚರ್ ಬೆಳೆಯನ್ನು ಯೂರೋಪೆಲ್ಲ ಬೆಳೆಯಿತು; ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ. ಫ್ರೆಂಚರು ಅಂಕಿಯ ಬದಲು ಅಕ್ಷರ ಬಳಸಿ, ಎತ್ತರದ ತಂತಿಯನ್ನು ಮೇಲಿನ ಗೆರೆಗೆ ತಂದರು. ಇಂಗ್ಲಿಷರು ಅದನ್ನೇ ಎತ್ತಿಕೊಂಡರು. ಡೌಲಂಡನ 1597ರ ಹಾಡಿನ ಪುಸ್ತಕದಲ್ಲೂ ತಮ್ಮದೇ ಹಳೆಯ ಪಂಕ್ತಿಭೇದ, ಗಾಯಕನಿಗೆ ಗೆರೆಯ ಮೇಲೆ ಸ್ವರ, ಲ್ಯೂಟಿಗೆ ಕೆಳಗೆ ಅಕ್ಷರ. ಜರ್ಮನರಂತೂ ಗೆರೆಯ ಗೊಡವೆಯೇ ಬೇಡವೆಂದರು. ಐದು ತಂತಿಗೆ 1ರಿಂದ 5, ಮೊದಲ ಮೆಟ್ಟಿಲಿಗೆ ಅಡ್ಡಡ್ಡಲಾಗಿ ಎ ಬಿ ಸಿ ಡಿ ಇ, ಎರಡನೆಯದಕ್ಕೆ ಮುಂದಿನ ಅಕ್ಷರಗಳು, ಹೀಗೆ ಐದನೆಯ ಮೆಟ್ಟಿಲು ಮುಟ್ಟುವಷ್ಟರಲ್ಲಿ ಅಕ್ಷರಮಾಲೆ ಖಾಲಿ. ಆಮೇಲೆ ಆರನೆಯ ತಂತಿ ಬಂದು ಸೇರಿದಾಗ ಅದಕ್ಕೆ ಒಬ್ಬೊಬ್ಬರು ಒಂದೊಂದು ಚಿಹ್ನೆ ಹಚ್ಚಿದರು. ಈ ಪದ್ಧತಿಯನ್ನು ಕಂಡುಹಿಡಿದವರು ನ್ಯೂರೆಂಬರ್ಗಿನ ಕೋನ್ರಾಡ್ ಪೌಮಾನ್ ಎಂದು 1511ರಲ್ಲಿ ಸೆಬಾಸ್ಟಿಯನ್ ವಿರ್ಡುಂಗ್ ಬರೆದಿಟ್ಟಿದ್ದಾರೆ. ಪೌಮಾನ್ ಹುಟ್ಟುಕುರುಡರು. ಕಾಗದದ ಮೇಲೆ ಗೆರೆಗಳು ಹೇಗೆ ಕಾಣುತ್ತವೆ ಎನ್ನುವ ಚಿಂತೆಯೇ ಇಲ್ಲದ ಪದ್ಧತಿಯೊಂದು ಅವರ ಹೆಸರಿಗೆ ಅಂಟಿಕೊಂಡದ್ದು ಸಹಜವೇ. ಕಣ್ಣಿದ್ದವರು ಅದನ್ನೇ ಇಡೀ ಶತಮಾನ ಓದಿದ್ದನ್ನು ಮಾತ್ರ ಮೆಚ್ಚಲೇಬೇಕು.

ಸ್ಪೇನಿನ ಲೂಯಿಸ್ ಮಿಲಾನ್ ಅವರ ಪ್ರಸ್ತಾಪ ಬೇಡವೆಂದುಕೊಂಡಿದ್ದೆ. ಆದರೂ ಹೇಳಿಬಿಡುತ್ತೇನೆ. 1536ರಲ್ಲಿ ವಲೆನ್ಸಿಯಾದಲ್ಲಿ ಅಚ್ಚಾದ ಅವರ 'ಎಲ್ ಮಾಯೆಸ್ತ್ರೊ' ಲ್ಯೂಟಿನ ಸೋದರಸಂಬಂಧಿಯಾದ ವಿವೇಲಾಕ್ಕೆ ಬರೆದದ್ದು; ಎರಡಕ್ಕೂ ಶ್ರುತಿಯ ಕ್ರಮ ಒಂದೇ. ಅದರಲ್ಲಿ ಅಂಕಿಗಳಿವೆ, ಎತ್ತರದ ತಂತಿ ಮೇಲಿನ ಗೆರೆಯಲ್ಲಿದೆ. ಥೇಟು ಇವತ್ತಿನ ಗಿಟಾರ್ ಟ್ಯಾಬ್. ನನಗೊಬ್ಬ ಗೆಳೆಯನಿದ್ದಾನೆ, ರಾಕ್ ನುಡಿಸುವವನು. ಐದು ಗೆರೆ ತೋರಿಸಿದರೆ ಕರೆಂಟಿನ ತಂತಿಯೇ ಎಂದು ಕೇಳುವ ಆಸಾಮಿ. ಮಿಲಾನರ ಪುಟದ ಛಾಯಾಪ್ರತಿ ನನ್ನ ಮೇಜಿನ ಮೇಲೆ ಬಿದ್ದಿತ್ತು. ಅದನ್ನೆತ್ತಿಕೊಂಡು, ಗಿಟಾರಿನ ಮೂರನೆಯ ತಂತಿಯನ್ನು ಅರ್ಧ ಸ್ವರ ಇಳಿಸಿ, ಮೂರನೆಯ ಮೆಟ್ಟಿಲಿಗೆ ಕೇಪೊ ಎಂಬ ಕ್ಲಿಪ್ಪು ಬಿಗಿದು, ಹಾಗೇ ನುಡಿಸುತ್ತ ಹೋದ. ಇಷ್ಟು ಮಾಡಿದರೆ ಗಿಟಾರು ಲ್ಯೂಟಿನ ಶ್ರುತಿಗೇ ಬಂದುಬಿಡುತ್ತದೆ, ನಿಜ. ಐನೂರು ವರ್ಷದ ಹಿಂದಿನ ಪುಸ್ತಕವನ್ನು ನಡುವೆ ಯಾವ ಪಂಡಿತನ ಹಂಗೂ ಇಲ್ಲದೆ ನುಡಿಸಿದ. ನನ್ನ ಪ್ರಮಾಣಪತ್ರಗಳು ಗೋಡೆಯ ಮೇಲಿಂದ ನೋಡುತ್ತಿದ್ದವು. ಅವತ್ತಿನಿಂದ ಅವನಿಗೂ ನನಗೂ ಮಾತು ಕಡಿಮೆ.

ಹಾಗಾದರೆ ನೀನೂ ಟ್ಯಾಬ್ಲೇಚರ್ ಕಲಿತುಬಿಡು ಎನ್ನುವ ಸಲಹೆ ಕೊಡಲು ಸಿದ್ಧರಾಗಿರುವಿರಿ. ದಯವಿಟ್ಟು ಬೇಡ. ನನಗೆ ಬೇಕಾದದ್ದು ಸ್ಟಾಫ್. ಅದನ್ನು ಮಾಡಿಕೊಡಲು ಹತ್ತೊಂಬತ್ತು, ಇಪ್ಪತ್ತನೆಯ ಶತಮಾನಗಳಲ್ಲಿ ಪುಣ್ಯಾತ್ಮರು ಹುಟ್ಟಿಬಂದರು. ಆದರೆ ತಾವು ಬಿಟ್ಟುಹೋದ ಕೆಲಸ ಅವರನ್ನು ಎಂಥ ಇಕ್ಕಟ್ಟಿಗೆ ಸಿಲುಕಿಸಿತೆಂದು ತಮಗೆ ತಿಳಿಯಬೇಕು.

ಟ್ಯಾಬ್ಲೇಚರಿನ ಅಂಕಿಗಳ ನೆತ್ತಿಯ ಮೇಲೆ ಕಾಲಸೂಚಕ ಬಾಲಗಳಿವೆ. ಈ ಮೀಟಿನಿಂದ ಮುಂದಿನ ಮೀಟಿಗೆ ಎಷ್ಟು ಹೊತ್ತು, ಅವು ಹೇಳುವುದು ಅಷ್ಟೇ. ಕೆಳಗೆ ಮೀಟಿದ ಬಾಸ್ ಸ್ವರ ಎಷ್ಟು ಹೊತ್ತು ಮೊಳಗುತ್ತಿರಬೇಕು? ನಡುವಿನ ದನಿ ಎಲ್ಲಿ ನಿಂತಿತು, ಎಲ್ಲಿಂದ ಮತ್ತೆ ಹೊರಟಿತು? ಅದನ್ನು ಬರೆದೇ ಇಲ್ಲ. ಬೆರಳು ಎತ್ತುವವರೆಗೂ ತಂತಿ ನುಡಿಯುತ್ತದೆ, ಕರುಳಿನ ತಂತಿಯ ನಾದ ತಾನಾಗಿಯೇ ಸಣ್ಣಗಾಗುತ್ತದೆ, ನುಡಿಸುವವನ ಕಿವಿಗೆ ಅದು ಗೊತ್ತು, ಬರೆಯುವುದೇಕೆ ಎಂದುಕೊಂಡಿರಿ. ಸ್ಟಾಫಿನಲ್ಲಿ ಹಾಗೆ ಕೈಬಿಡಲು ಬರುವುದಿಲ್ಲ. ಪ್ರತಿ ಸ್ವರಕ್ಕೂ ಆಯುಸ್ಸು ಬರೆಯಲೇಬೇಕು. ಕೆಲವರು ಮೀಟಿದ್ದನ್ನಷ್ಟೇ ಬರೆದು ಉಳಿದ ಕಡೆ ವಿರಾಮದ ಚಿಹ್ನೆ ತುಂಬಿದರು. ಪುಟ ನೋಡಿದರೆ ಪ್ರತಿ ದನಿಗೂ ಬಿಕ್ಕಳಿಕೆ ಬಂದಂತೆ ಕಾಣುತ್ತದೆ. ಇನ್ನು ಕೆಲವರು ಇದು ನಾಲ್ಕು ದನಿಯ ಹಾಡಿನಿಂದ ಹುಟ್ಟಿದ ಸಂಗೀತವಲ್ಲವೇ ಎಂದು ದನಿಗಳನ್ನು ಬೇರೆ ಬೇರೆ ಎಳೆಯಾಗಿ ಬಿಡಿಸಿ, ಸ್ವರಗಳನ್ನು ಉದ್ದಕ್ಕೆ ಎಳೆದರು. ಕೆಲವು ಕಡೆ ಯಾವ ಮನುಷ್ಯನ ಎಡಗೈಯೂ ಅಷ್ಟು ಹೊತ್ತು ಹಿಡಿದಿರಲಾರದು. ಎರಡು ಗುಂಪಿನ ವಿದ್ವಾಂಸರೂ ಚೆನ್ನಾಗಿ ಜಗಳವಾಡಿದರು. ಅಂತೂ ನಾನು ಸ್ಪಿನಾಚಿನೊ ಎಂದುಕೊಂಡು ನುಡಿಸುವುದರಲ್ಲಿ ಸ್ವರ ಸ್ಪಿನಾಚಿನೊ ಅವರದು, ಸ್ವರದ ಆಯುಸ್ಸು ಯಾವುದೋ ವಿಶ್ವವಿದ್ಯಾಲಯದ ಪ್ರೊಫೆಸರರದು. ನನಗೇನೂ ಅಭ್ಯಂತರವಿಲ್ಲ. ಯೋಚಿಸುವ ಕೆಲಸ ಬೇರೆಯವರು ಮಾಡಿಟ್ಟರೆ ಅಷ್ಟರಮಟ್ಟಿಗೆ ಹಗುರ.

ಇನ್ನೂ ಒಂದು ಕಿರಿಕಿರಿ. ತಮ್ಮ ಕಾಲದ ಹಾಡುಗಾರರ ಸ್ಟಾಫಿನಲ್ಲಿ ಎಷ್ಟೋ ಶಾರ್ಪು ಫ್ಲ್ಯಾಟುಗಳನ್ನು ಬರೆಯುತ್ತಲೇ ಇರಲಿಲ್ಲ. ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು ಎಂಬುದು ಹಾಡುವವರ ವಿವೇಕಕ್ಕೆ ಬಿಟ್ಟದ್ದು. ಲ್ಯೂಟಿನವನಿಗೆ ಆ ಸ್ವಾತಂತ್ರ್ಯ ಇರಲಿಲ್ಲ. ಬೆರಳು ಎರಡನೆಯ ಮೆಟ್ಟಿಲಿಗೋ ಮೂರನೆಯದಕ್ಕೋ ಬೀಳಲೇಬೇಕು, ಅಂಕಿ ಅದನ್ನು ಬಾಯಿಬಿಟ್ಟು ಹೇಳುತ್ತದೆ. ಹೀಗಾಗಿ ಜೋಸ್ಕೆನ್ ಮುಂತಾದ ಮಹಾಮಹಿಮರ ಹಾಡುಗಳಲ್ಲಿ ಎಲ್ಲಿ ಶಾರ್ಪ್ ಬರಬೇಕೆಂದು ತಿಳಿಯಲು ಇವತ್ತಿನ ಸಂಶೋಧಕರು ಲ್ಯೂಟಿನ ಪುಸ್ತಕ ತೆರೆದು ನೋಡುತ್ತಾರೆ. ಅಲ್ಲೂ ಒಬ್ಬ ಲ್ಯೂಟಿಗ ಹೇಳಿದ್ದನ್ನು ಇನ್ನೊಬ್ಬ ಹೇಳುವುದಿಲ್ಲ ಎನ್ನಿ. ಪಂಡಿತರ ಗೆರೆಯ ಅನುಮಾನವನ್ನು ಪಾಮರರ ಅಂಕಿ ಬಗೆಹರಿಸುವುದು! ಐದು ಗೆರೆಯ ಅಭಿಮಾನಿಯಾದ ನನಗೆ ಇದು ನುಂಗಲಾರದ ತುತ್ತು. ಆದ್ದರಿಂದ ಈ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ.

ಗೆರೆಗೂ ಕೈಗೂ ನಡುವಿನ ಇಂಥದೇ ಜಗಳ ನಮ್ಮ ಕಡೆಯೂ ನಡೆಯಿತು. ಮದರಾಸಿನಲ್ಲಿ ಎ. ಎಂ. ಚಿನ್ನಸ್ವಾಮಿ ಮೊದಲಿಯಾರ್ ಎಂಬವರು 1890ರ ದಶಕದಲ್ಲಿ ತ್ಯಾಗರಾಜರ ಕೃತಿಗಳನ್ನು ಯೂರೋಪಿನ ಸ್ಟಾಫಿಗೆ ಇಳಿಸಿ ಅಚ್ಚು ಹಾಕಿದರು. ಸ್ವರ ಗೆರೆಯ ಮೇಲೆ ಕೂತಿತು, ಗಮಕ ಕೂರಲಿಲ್ಲ. ಅವರ ಒತ್ತಾಸೆಯಿಂದಲೇ ಮುಂದೆ ಬಂದ ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' 1904ರಲ್ಲಿ ಪ್ರಕಟವಾದಾಗ ಅದರಲ್ಲಿ ಸರಿಗಮದ ಅಕ್ಷರಗಳಿದ್ದವು, ಅಕ್ಷರಗಳ ನೆತ್ತಿಯ ಮೇಲೆ ಗಮಕದ ಚಿಹ್ನೆಗಳಿದ್ದವು. ಆ ಚಿಹ್ನೆಗಳನ್ನು ಅವರು ವಿವರಿಸುವುದು ವೀಣೆಯ ಮೇಲೆ ಕೈ ಏನು ಮಾಡಬೇಕೆಂಬ ಮಾತಿನಲ್ಲಿ: ಇಲ್ಲಿ ಜಾರು, ಇಲ್ಲಿ ತಂತಿಯನ್ನು ಎಳೆ. ಅಂದರೆ ಅದೂ ಕೈಯ ವ್ಯವಹಾರವೇ. ತಮ್ಮಂಥವರು ಎಲ್ಲ ದೇಶದಲ್ಲೂ ಇದ್ದಾರೆ, ಏನು ಮಾಡೋಣ.

ಈಗ ಸಿಗುವ ಸ್ಟಾಫ್ ಪುಸ್ತಕಗಳ ವಿಚಾರ. ಫ್ರಾನ್ಚೆಸ್ಕೊ ದಾ ಮಿಲಾನೊ, ಪೋಪರ ಆಸ್ಥಾನದಲ್ಲಿ ನುಡಿಸಿ ಜನರ ಬಾಯಲ್ಲಿ 'ದೈವಾಂಶ' ಅನ್ನಿಸಿಕೊಂಡವರು. ಅವರ ಸಂಗೀತವನ್ನು ಆರ್ಥರ್ ನೆಸ್ 1970ರಲ್ಲಿ ಹಾರ್ವರ್ಡ್‌ನಿಂದ ಪ್ರಕಟಿಸಿದರು. ಡೌಲಂಡನ ಲ್ಯೂಟ್ ಸಂಗೀತವನ್ನು ಡಯಾನಾ ಪೂಲ್ಟನ್ ಮತ್ತು ಬೇಸಿಲ್ ಲ್ಯಾಮ್ 1974ರಲ್ಲಿ ತಂದರು. ಕೊನೆಗೂ ಸಿಕ್ಕಿತು ಎಂದು ಪುಟ ತೆರೆದರೆ ಏನಿದೆ? ಪಿಯಾನೊದವರಿಗೆ ಇರುವಂತೆ ಎರಡು ಸ್ಟಾಫ್, ಕೆಳಗಿನದರಲ್ಲಿ ಬಾಸ್ ಕ್ಲೆಫ್. ಗಿಟಾರಿನವನು ಓದುವುದು ಟ್ರೆಬಲ್ ಕ್ಲೆಫಿನ ಒಂದೇ ಸ್ಟಾಫ್, ಅದೂ ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಕೇಳಿಸುವಂಥದು. ನನ್ನ ಗ್ರೇಡುಗಳಲ್ಲಿ ಬಾಸ್ ಕ್ಲೆಫ್ ಬರಲಿಲ್ಲ. ಹೀಗೆ ಐದು ಗೆರೆಯಲ್ಲೂ ನನಗೆ ಬಾರದ ಐದು ಗೆರೆ ಇದೆ. ಪೂಲ್ಟನ್ ಅವರ ಪುಸ್ತಕದಲ್ಲಿ ಸ್ಟಾಫಿನ ಜೊತೆಗೇ ಟ್ಯಾಬ್ಲೇಚರನ್ನೂ ಕೊಟ್ಟಿದ್ದಾರೆ. ಅವರಿಗೂ ಒಳಗೊಳಗೇ ಅನುಮಾನವಿತ್ತೆಂದು ಕಾಣುತ್ತದೆ.

ಎಲ್ಲರಿಗಿಂತ ನನ್ನ ಮನಸ್ಸಿಗೆ ಹತ್ತಿರವಾದವರು ಬಸ್ಸಾನೊ ಊರಿನ ಒಸ್ಕರ್ ಕಿಲೆಸೊಟ್ಟಿ. ಲ್ಯೂಟನ್ನು ಜನ ಮರೆತೇಬಿಟ್ಟಿದ್ದ ಕಾಲದಲ್ಲಿ ಒಬ್ಬರೇ ಕೂತು, ಹಳೆಯ ಟ್ಯಾಬ್ಲೇಚರ್ ಪುಸ್ತಕಗಳನ್ನು ಒಂದೊಂದಾಗಿ ಸ್ಟಾಫಿಗೆ ಬರೆದರು. ಅವರ ಬರಹವನ್ನು ಓದಿಯೇ ಇಟಲಿಯ ಸಂಯೋಜಕ ರೆಸ್ಪಿಗಿ ತಮ್ಮ 'ಪ್ರಾಚೀನ ಗೀತ ನೃತ್ಯ'ಗಳ ಮೊದಲ ಮಾಲಿಕೆಯನ್ನು 1917ರಲ್ಲಿ ವಾದ್ಯವೃಂದಕ್ಕೆ ಹೊಂದಿಸಿದರು. ಜೆನೋವಾದ ಸಿಮೋನೆ ಮೊಲಿನಾರೊ, ವಿಜ್ಞಾನಿ ಗೆಲಿಲಿಯೊನ ತಂದೆ ವಿನ್ಚೆನ್ಸೊ ಗಲಿಲೈ, ಇಬ್ಬರೂ ಪಿಟೀಲು ಹಾರ್ಪುಗಳ ನಡುವೆ ಮರುಹುಟ್ಟು ಪಡೆದರು. ಐದು ಗೆರೆ ಇಲ್ಲದಿದ್ದರೆ ರೆಸ್ಪಿಗಿಗೆ ಇದೆಲ್ಲ ಎಲ್ಲಿ ದಕ್ಕುತ್ತಿತ್ತು ಎಂದು ಕೇಳುತ್ತೇನೆ. ಕಿಲೆಸೊಟ್ಟಿ ತಮ್ಮ ಬಳಿಯಿದ್ದ ಹದಿನಾರನೆಯ ಶತಮಾನದ ಒಂದು ಹಸ್ತಪ್ರತಿಯನ್ನು 1890ರಲ್ಲಿ ಹೀಗೆ ಸ್ಟಾಫಿಗೆ ತಂದು ಲೈಪ್ಸಿಗ್‌ನಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಮೂಲ ಹಸ್ತಪ್ರತಿಯೇ ಕಾಣೆಯಾಯಿತು. ಈಗ ಉಳಿದಿರುವುದು ಸ್ಟಾಫ್ ಮಾತ್ರ. ಇದು ನನ್ನ ಪಕ್ಷಕ್ಕೆ ಬಲವಾದ ಸಾಕ್ಷಿ ಎಂದು ಗುರುತು ಹಾಕಿಕೊಂಡಿದ್ದೆ. ಆದರೆ ಲ್ಯೂಟ್ ನುಡಿಸುವವರಿಗೆ ಇದೇ ತಲೆನೋವಾಗಿದೆ: ಈ ಸ್ವರವನ್ನು ಯಾವ ತಂತಿಯಲ್ಲಿ, ಯಾವ ಮೆಟ್ಟಿಲಲ್ಲಿ ಹಿಡಿಯುತ್ತಿದ್ದರು? ಕಿಲೆಸೊಟ್ಟಿ ಬರೆಯುವಾಗ ಕೈ ತಪ್ಪಿದ್ದೆಲ್ಲಿ? ಹೋಲಿಸಿ ನೋಡಲು ಅಂಕಿಗಳಿಲ್ಲ. ಈಗ ಅವರು ಐದು ಗೆರೆಯಿಂದ ಹಿಂದಕ್ಕೆ ಟ್ಯಾಬ್ಲೇಚರ್ ಕಟ್ಟಿಕೊಳ್ಳಬೇಕು. ನನಗಾದ ತೊಂದರೆ ಅವರಿಗೂ ಆಯಿತೆಂದು ನೆಮ್ಮದಿಪಟ್ಟುಕೊಳ್ಳುವಷ್ಟು ಸಣ್ಣತನ ನನ್ನಲ್ಲಿಲ್ಲ. ಸ್ವಲ್ಪ ಇದೆ.

ಕಾಣೆಯಾಗುವ ಮಾತು ಬಂತು. ತಮ್ಮ ಕಾಲದಲ್ಲೇ, ಸುಮಾರು 1517ರಲ್ಲಿ, ಬ್ರೆಶ್ಯಾದ ಲ್ಯೂಟ್ ವಾದಕ ಕಾಪಿರೋಲಾ ಅವರ ಸಂಗೀತವನ್ನು ಅವರ ಶಿಷ್ಯ ವಿದಾಲ್ ಕೈಯಿಂದ ಬರೆದು ಇಟ್ಟರು. ಅಂಚಿನ ತುಂಬ ಬಣ್ಣಬಣ್ಣದ ಮೃಗಪಕ್ಷಿಗಳ ಚಿತ್ರ. ಏಕೆಂದು ಅವರೇ ಹೇಳಿಕೊಂಡಿದ್ದಾರೆ: ಸಂಗೀತ ತಿಳಿಯದವರ ಕೈಗೆ ಪುಸ್ತಕ ಬಿದ್ದರೂ ಚಿತ್ರದ ಆಸೆಗಾದರೂ ಅದನ್ನು ಎಸೆಯದಿರಲಿ ಎಂದು. ಉಪಾಯ ಫಲಿಸಿತು; ಪುಸ್ತಕ ಇವತ್ತು ಷಿಕಾಗೊದ ನ್ಯೂಬೆರಿ ಗ್ರಂಥಾಲಯದಲ್ಲಿ ಕ್ಷೇಮವಾಗಿದೆ. ಅದರ ಛಾಯಾಪ್ರತಿಯನ್ನು ನಾನೂ ತರಿಸಿಕೊಂಡೆ. ಮೊಲಗಳು ಬಹಳ ಚೆನ್ನಾಗಿವೆ. ನನ್ನಂಥವರನ್ನು ಮುನ್ನೋಡಿ ವ್ಯವಸ್ಥೆ ಮಾಡಿಟ್ಟ ಒಬ್ಬನಾದರೂ ಆ ಶತಮಾನದಲ್ಲಿದ್ದ ಎಂದು ಸಂತೋಷವಾಯಿತು. ತಾವು ಒಂದು ಮೊಲವನ್ನೂ ಅಚ್ಚು ಹಾಕಲಿಲ್ಲ.

ಅದರ ಫಲವೋ ಏನೋ, ತಮ್ಮ ಲ್ಯೂಟ್ ಮಾಲೆಯಲ್ಲಿ ಒಂದು ಹಲ್ಲು ಬಿದ್ದಿದೆ. ಮೊದಲ ಎರಡು ಪುಸ್ತಕ ಸ್ಪಿನಾಚಿನೊ ಅವರವು, ಸಿಗುತ್ತವೆ. ನಾಲ್ಕನೆಯದು ದಾಲ್ಜಾ ಅವರದು, 1508ರದು, ಅದೂ ಸಿಗುತ್ತದೆ. ಅದೇ ವರ್ಷದ ಮೂರನೆಯ ಪುಸ್ತಕ, ಜಿಯಾನ್ ಮರಿಯಾ ಎಂಬವರದು, ಎಲ್ಲೂ ಇಲ್ಲ. ಕೊಲಂಬಸನ ಮಗ ಎರ್ನಾಂದೊ ಕೊಲೊನ್ ಸೆವಿಲ್ಯದಲ್ಲಿ ಕಟ್ಟಿದ ಪುಸ್ತಕ ಭಂಡಾರದ ಪಟ್ಟಿಯಲ್ಲಿ ಅದರ ಹೆಸರಿದೆ, ಪುಸ್ತಕವಿಲ್ಲ.

ಆದಕಾರಣ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಆ ಮೂರನೆಯ ಪುಸ್ತಕದ ಒಂದು ಪ್ರತಿ ತಮ್ಮ ಉಗ್ರಾಣದ ಮೂಲೆಯಲ್ಲಿ ಎಲ್ಲಾದರೂ ಉಳಿದಿದ್ದರೆ ದಯಮಾಡಿ ಕಳಿಸಿಕೊಡಬೇಕು. ಐದು ಗೆರೆಗೆ ಬರೆಸಿ ಕಳಿಸುವ ಶ್ರಮ ಬೇಡ. ಇದ್ದ ಹಾಗೆಯೇ ಕಟ್ಟಿ ಅಂಚೆಗೆ ಹಾಕಿ. ಆರು ಗೆರೆಯಾದರೂ ಸರಿ, ತಲೆಕೆಳಗಾಗಿದ್ದರೂ ಸರಿ, ಮೂರನೆಯ ತಂತಿ ಇಳಿಸುವುದು ಹೇಗೆಂದು ಗೆಳೆಯನನ್ನು ಕೇಳಿಕೊಳ್ಳುತ್ತೇನೆ. ಅಂಚೆ ವೆಚ್ಚ ನನ್ನದು.

ಇತಿ ತಮ್ಮ ವಿಧೇಯ,
ಐದು ಗೆರೆಯ ಒಬ್ಬ ಗಿಟಾರಿಗ